ನಾಲ್ಕು ಬೆರಳು

“ಇನ್ನ ನಾಕು ಬೆರಳು ಇಳಸೋ,” ಎಂದ ಸಂಗಮೇಶ.

“ಇನ್ನ ಇಳಸಿದ್ರ ನಾ ಇಲ್ಲೇ ದಫನ್ ಆಗ್ತೇನಿ, ದೋಸ್ತ. ಮೊದಲ ಹೊರಗ ಬರ್ತೇನಿ ತಡಿ,” ಎಂದು ಕಾರಿನ ಅಡಿಯಿಂದ ಮೆಕ್ಯಾನಿಕ್ ಯುನೂಸನ ದನಿ ಬಂತು.

ಹೊರಬಂದು ಮೈ ಕೊಡವಿಕೊಂಡು ಯುನೂಸ ರಿಮೋಟು ಒತ್ತಿದ. ಸುಸ್ ಎಂದು ಗಾಳಿ ಬಿಡುತ್ತ ಆ ಕೆಂಪು ಬಣ್ಣದ, ಮೇಲ್ಛಾವಣಿಯಿಲ್ಲದ ಹಳೆಯ ಸ್ಪೋರ್ಟ್ಸ್ ಕಾರು ಎಮ್ಮೆ ಕೂತಂತೆ ನೆಲಕ್ಕೆ ಕೂತಿತು. ಸ್ಪ್ರಿಂಗುಗಳ ಜಾಗದಲ್ಲಿ ಈಗ ಗಾಳಿ ಚೀಲಗಳು, ಡಿಕ್ಕಿಯಲ್ಲಿ ಗಾಳಿ ತುಂಬುವ ಕಂಪ್ರೆಸರ್. ಒಂದು ಬಟನ್ ಒತ್ತಿದರೆ ಕಾರು ಏರುತ್ತದೆ, ಇನ್ನೊಂದು ಒತ್ತಿದರೆ ಇಳಿಯುತ್ತದೆ. ಇಂಡಿ ಪಟ್ಟಣದ ನಿಂಬೆಹಣ್ಣಿನ ವ್ಯಾಪಾರಿ ಸಂಗಮೇಶನಿಗೆ ಇದೆಲ್ಲ ಯಾಕೆ ಬೇಕಿತ್ತೋ, ಊರಿಗೇ ತಿಳಿದಿರಲಿಲ್ಲ.

“ನಮ್ಮ ರೋಡಿನ ತುಂಬ ಬರೇ ತಗ್ಗು. ಅಂಥಾದ್ರಾಗ ಗಾಡೀನೂ ತಗ್ಗಸಾಕತ್ತೀದಿ. ಖರೇ ಹೇಳು, ಯಾಕ?” ಎಂದ ಯುನೂಸ.

ಸಂಗಮೇಶ ಅತ್ತಿತ್ತ ನೋಡಿ ಬಾಯಿಬಿಟ್ಟ. ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ಆಟ ಕಲಿಸುವ ಜಯಮಾಲಾಳ ಜೊತೆ ಅವನ ಮದುವೆ ನಿಶ್ಚಯವಾಗಿತ್ತು. ಹುಡುಗಿ ಮನಸಾರೆ ಹಿಡಿಸಿದ್ದಳು. ಅವಳು ನಕ್ಕರೆ ಇವನಿಗೆ ಹಸಿವೆ ಮರೆತುಹೋಗುತ್ತಿತ್ತು. ತೊಂದರೆ ಒಂದೇ, ಅವಳು ಇವನಿಗಿಂತ ನಾಲ್ಕು ಬೆರಳು ಎತ್ತರ. ನಿಶ್ಚಯದ ಫೋಟೋ ನೋಡಿದ ಮಸೂತಿ ಊರಿನ ಅವನ ಚಿಕ್ಕಪ್ಪ, “ಜೋಳದ ದಂಟಿನ ಬಾಜೂಕ ಕಡ್ಲಿ ಗಿಡ ನಿಂತಂಗ ಐತಿ” ಎಂದಿದ್ದ. ಆ ಮಾತು ಬೀಗರ ಮೊಬೈಲುಗಳಲ್ಲೆಲ್ಲ ಸುತ್ತಾಡಿ ಬಂದಿತ್ತು. ನಾಳೆ ಅಗರಖೇಡದ ಹೊಳೆ ದಂಡೆಯಲ್ಲಿ ಮದುವೆಗೆ ಮುಂಚಿನ ಫೋಟೋ. ಅವಳು ಕಾರಿನಲ್ಲಿ ಕೂರಬೇಕು, ಇವನು ಪಕ್ಕದಲ್ಲಿ ನಿಲ್ಲಬೇಕು. ಕಾರು ಎಷ್ಟು ತಗ್ಗಿದರೆ ಇವನು ಅಷ್ಟು ಎತ್ತರ.

ಯುನೂಸ ಹೊಟ್ಟೆ ಹಿಡಿದು ನಕ್ಕ. “ಎತ್ತರದ ಬೂಟ್ ತಗೊಂಡಿದ್ರ ಮುಗೀತಿತ್ತಲ್ಲೋ! ಅದಕ್ಕ ಕಂಪ್ರೆಸರ್ ಬೇಕಾಗಿದ್ದಿಲ್ಲ.”

ಮರುದಿನ ಸಂಜೆ ಕಾರು ಹೊಳೆ ದಂಡೆಯಲ್ಲಿ ನೆಲಕ್ಕೆ ತಾಗಿ ಕೂತಿತ್ತು. ಹಸಿರು ಇಳಕಲ್ ಸೀರೆಯುಟ್ಟ ಜಯಮಾಲಾ ತಲೆ ತುಸು ಬಗ್ಗಿಸಿಯೇ ನಡೆದು ಬಂದು, ಸಾಹಸಪಟ್ಟು ಒಳಗಿಳಿದು ಕೂತಳು. ಮೊಣಕಾಲು ಗದ್ದಕ್ಕೆ ಬಂದವು. ಸಂಗಮೇಶ ಎದೆಯುಬ್ಬಿಸಿ ಪಕ್ಕದಲ್ಲಿ ನಿಂತ. ಫೋಟೋಗ್ರಾಫರ್ ಮಂಜೂರ ಕ್ಯಾಮೆರಾದಲ್ಲಿ ಇಣುಕಿ, ಕೆಳಗಿಳಿಸಿದ.

“ಸಾಹೇಬ್ರ, ತಪ್ಪ ತಿಳೀಬ್ಯಾಡ್ರಿ. ಕಂಡಕ್ಟರ್ ಟಿಕೀಟು ಕೇಳಾಕ ನಿಂತಂಗ ಕಾಣಾಕತ್ತೀರಿ.”

ಜಯಮಾಲಾ ನಕ್ಕು, ಸೀಟಿನ ಮೇಲಿದ್ದ ರಿಮೋಟು ಎತ್ತಿಕೊಂಡಳು. “ಇದನ್ನ ಇಷ್ಟ್ಯಾಕ ಇಳಿಸೀರಿ?”

“ಸ್ಟೈಲ್‌ರಿ,” ಎಂದ ಸಂಗಮೇಶ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಕೈ ತಾನಾಗಿ ತಲೆ ಕೆರೆಯಲು ಹೋಯಿತು. ಅವಳು ಜೊತೆಗೆ ಬಂದಿದ್ದ ಯುನೂಸನತ್ತ ತಿರುಗಿದಳು.

ಮೊದಲೇ ಸ್ವಚ್ಛವಿದ್ದ ಹೆಡ್‌ಲೈಟನ್ನು ಮತ್ತೆ ಒರೆಸುತ್ತಿದ್ದ ಯುನೂಸ ಗಾಬರಿಯಾದ. “ನನ್ನ ಕೇಳಬ್ಯಾಡ್ರಿ ವೈನಿ. ಆ ಜೋಳ, ಕಡ್ಲಿ ವಿಷಯ ನನಗೇನೂ ಗೊತ್ತಿಲ್ಲ!”

ಆ ಮಾತು ಜಯಮಾಲಾಳ ಮೊಬೈಲಿಗೂ ಬಂದಿತ್ತು. ಅವಳ ನಗು ನಿಂತಿತು. ಜಯಮಾಲಾ ಕಾರಿನಿಂದ ಎದ್ದು ಬಂದು ಬೆನ್ನು ನೆಟ್ಟಗೆ ಮಾಡಿ ನಿಂತಳು. ನಾಲ್ಕು ಬೆರಳಲ್ಲ, ಇವನಿಗಿಂತ ಒಂದು ಗೇಣು ಎತ್ತರವಿದ್ದಳು!

“ನಿಶ್ಚಯದ ದಿನ ನಮ್ಮ ಸೋದರತ್ತಿ, ‘ಬಗ್ಗಿ ನಿಂದ್ರವಾ, ಹುಡುಗಗ ಕಸಿವಿಸಿ ಆಗ್ತೈತಿ’ ಅಂದಿದ್ರು. ನಿಂತ್ನಿ. ಎರಡು ದಿನ ಸೊಂಟ ಹಿಡಕೊಂಡಿತ್ತು. ಸಾಲ್ಯಾಗ ಹುಡುಗ್ಯಾರಿಗೆ ನೆಟ್ಟಗ ನಿಂದರ್ರಿ ಅಂತ ದಿನಾ ಒದರಾಕಿ ನಾನು.” ಕೈಯಲ್ಲಿದ್ದ ರಿಮೋಟನ್ನು ಅವನತ್ತ ತೋರಿಸಿದಳು. “ಕಾರ್ ತಗ್ಗಸ್ರಿ, ಚಂದ ಕಾಣಸ್ತೈತಿ. ನನ್ನ ತಗ್ಗಸಬ್ಯಾಡ್ರಿ. ಆಗಂಗಿಲ್ಲಂದ್ರ ಈಗ ಹೇಳಿಬಿಡ್ರಿ.”

ಸಂಗಮೇಶ ಇಷ್ಟು ದಿನ ಜನ ಏನು ನೋಡುತ್ತಾರೆ ಎಂದು ಚಿಂತಿಸಿದ್ದನೇ ಹೊರತು ತಾನು ಅವಳನ್ನು ಸರಿಯಾಗಿ ನೋಡಿರಲೇ ಇಲ್ಲ. ಈಗ ಕತ್ತೆತ್ತಿ ನೋಡಿದ. ನೆಟ್ಟಗೆ ನಿಂತ ಜಯಮಾಲಾ ನಿಶ್ಚಯದ ದಿನಕ್ಕಿಂತ ಎಷ್ಟೋ ಚೆಲುವೆಯಾಗಿದ್ದಳು. ಅವನಿಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು.

“ನಂದು ತಪ್ಪಾತ್ರಿ,” ಎಂದ. ಸೀದಾ ಹೋಗಿ ಕಾರಿನ ಹಿಂಭಾಗದ ಮೇಲೆ ಏರಿ, ಸೀಟಿನಲ್ಲಿ ಕಾಲಿಟ್ಟು ಕೂತ. “ಏರೋ ಬಟನ್ ಒತ್ರಿ. ನಿಮ್ಮ ಕೈಯಾಗ ಐತಲ್ಲ.”

ಜಯಮಾಲಾಳ ತುಟಿಯಲ್ಲಿ ನಗು ಮೆಲ್ಲಗೆ ಮರಳಿತು. ಬಟನ್ ಒತ್ತಿದಳು. ಕಂಪ್ರೆಸರ್ ಗುರ್ರೆಂದಿತು, ಕಾರು ಇವನನ್ನು ಹೊತ್ತುಕೊಂಡೇ ಎದ್ದಿತು. ಇವನ ತಲೆ ಅವಳ ಗದ್ದ ದಾಟಿ, ಕಿವಿ ದಾಟಿ, ಹುಬ್ಬಿನ ತನಕ ಬಂತು.

“ಸಾಕ್ರಿ,” ಎಂದ ಸಂಗಮೇಶ. ಅವಳು ಬೆರಳು ತೆಗೆದಳು.

ಮಂಜೂರನಿಗೆ ಸಮಾಧಾನವಾಗಲಿಲ್ಲ. “ಇನ್ನ ನಾಕು ಬೆರಳು ಕಡಿಮಿ ಐತ್ರಿ ಸಾಹೇಬ್ರ. ಒಂದೀಟು ಏರಿಸಿದ್ರ ಇಬ್ರೂ ಸಮಾ ಆಗ್ತೀರಿ.”

“ಆ ನಾಕು ಬೆರಳು ಅಕೀವು,” ಎಂದ ಸಂಗಮೇಶ. “ನೀ ಫೋಟೋ ಹೊಡಿ.”