ಟಾಫಿಯ ಕೊರಳಪಟ್ಟಿ

"ಟಾಫಿ, ಬಾರೋ ಇಲ್ಲಿ," ಎಂದು ಪಾರ್ಕಿನ ಮೇಲ್ವಿಚಾರಕ ನೆವಿಲ್ ಮೆಟ್ಟಿಲ ಕೆಳಗೆ ನಿಂತು ಕರೆದ. ನಾಯಿ ತಿರುಗಿಯೂ ನೋಡಲಿಲ್ಲ. ಮುದುಕಿ ಮ್ಯಾವಿಸ್ ಅವಸರದಿಂದ ಬಾಗಿಲಿಗೆ ಬಂದಳು.

ಕಾರ್ಖಾನೆಯಲ್ಲಿ ಕಟ್ಟಿ ಲಾರಿಯಲ್ಲಿ ತಂದು ಇಳಿಸಿದ ಮನೆಗಳ ಬಡಾವಣೆ ಆ ಪಾರ್ಕು. ಅಲ್ಲಿ ಮನೆ ಅವಳದೇ, ಅದರಡಿಯ ನೆಲ ಮಾತ್ರ ಮಾಲೀಕರದು. ನೆಲಬಾಡಿಗೆ ವರ್ಷವರ್ಷವೂ ಏರುತ್ತಿತ್ತು, ನಿಯಮಗಳು ಅದಕ್ಕಿಂತ ಬೇಗ ಬೆಳೆಯುತ್ತಿದ್ದವು. ಬಟ್ಟೆ ಎಲ್ಲಿ ಒಣಹಾಕಬೇಕು, ಬೇಲಿಗೆ ಯಾವ ಬಣ್ಣ ಬಳಿಯಬೇಕು, ಎಲ್ಲಕ್ಕೂ ಹೂಂಗುಟ್ಟಿ ಅವಳು ದಣಿದಿದ್ದಳು. ಬರುವಾಗ ತಂದ ನಾಯಿ ಇರಬಹುದು, ಅದು ಸತ್ತರೆ ಇನ್ನೊಂದನ್ನು ತರುವಂತಿಲ್ಲ ಎಂಬುದಕ್ಕೂ ಹೂಂ ಎಂದಿದ್ದಳು. ಚಳಿಗಾಲದಲ್ಲಿ ಟಾಫಿ ಸತ್ತಿತು. ತಂಗಿಯ ಊರಿನಿಂದ ಅದೇ ಕಂದು ಬಣ್ಣದ ಇನ್ನೊಂದನ್ನು ತಂದು, ಟಾಫಿಯ ಕೊರಳಪಟ್ಟಿಯನ್ನೇ ಕಟ್ಟಿದ್ದಳು.

"ಕಿವಿ ಕೇಳಲ್ಲಪ್ಪಾ ಅದಕ್ಕೆ, ವಯಸ್ಸಾಯ್ತಲ್ಲ," ಎಂದಳು. ಅಷ್ಟರಲ್ಲಿ ಆ ವಯಸ್ಸಾದ ನಾಯಿ ಮೆಟ್ಟಿಲನ್ನೆಲ್ಲ ಒಂದೇ ನೆಗೆತಕ್ಕೆ ಹಾರಿ, ನೆವಿಲನ ಶೂ ಲೇಸು ಕಚ್ಚಿ ಎಳೆಯತೊಡಗಿತು.

ನೆವಿಲ್ ಉಸ್ಸೆಂದು ಕುಕ್ಕರುಗಾಲಲ್ಲಿ ಕೂತ. ಕೊರಳಪಟ್ಟಿಯೊಳಗೆ ಬೆರಳು ತೂರಿಸಿದರೆ ಇಡೀ ಅಂಗೈಯೇ ಒಳಗೆ ಹೋಯಿತು. ತಲೆಯೆತ್ತಿ ಮ್ಯಾವಿಸಳನ್ನು ನೋಡಿದ. ಇನ್ನೊಂದು ಸುಳ್ಳು ಹೇಳುವ ತ್ರಾಣ ಅವಳಲ್ಲಿರಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿದಳು.

"ಹೌದು, ಪಾಪ. ವಯಸ್ಸಿಗೆ ಸೊರಗಿಬಿಟ್ಟಿದೆ," ಎಂದು ಅವನು ನಾಯಿಯ ತಲೆ ಸವರಿ ಎದ್ದ. "ಬೆಲ್ಟಿಗೆ ಇನ್ನೊಂದು ತೂತು ಹಾಕ್ಕೊಳ್ಳಿ, ಮ್ಯಾವಿಸಮ್ಮ. ನಾಳೆ ಮಾಲೀಕರು ಬರ್ತಾರೆ."