ಮೀಟರು ಸೊನ್ನೆ ತೋರಿಸಿದ ನೀರು

ಕಾವಲುಗಾರ ಅಡ್ಡಗಟ್ಟಿದಾಗ ಸ್ಟೋರ್‌ಕೀಪರ್ ಓಡಲಿಲ್ಲ. ಕ್ಯಾನನ್ನು ಮರೆಮಾಡಲೂ ಇಲ್ಲ. ಇಪ್ಪತ್ತು ಲೀಟರಿನ ಕ್ಯಾನು, ಒಳಗಿನ ನೀರು ಎದ್ದು ಕಾಣುತ್ತಿತ್ತು. ಮಧ್ಯಾಹ್ನ ಒಂದೂಮುಕ್ಕಾಲು. ಆಸ್ಪತ್ರೆಯ ಮುಂಬಾಗಿಲು.

“ಏನ್ ಸ್ಟೋರಣ್ಣ, ಹಿಂದಿನ ಗೇಟು ಬಿಟ್ಟು ಇವತ್ತು ರಾಜಮಾರ್ಗಾನಾ?”

ಎಂಟು ತಿಂಗಳಿಂದ ಅವನು ನೀರು ಒಯ್ಯುತ್ತಿದ್ದುದು ಕಾವಲುಗಾರನಿಗೆ ಗೊತ್ತಿತ್ತು. ಹಿಂದಿನ ಗೇಟಿನಲ್ಲಿ, ಬಟ್ಟೆಯ ಚೀಲದಲ್ಲಿ, ಐದೈದು ಲೀಟರು. ನೀರು ತಾನೇ ಎಂದು ಕಣ್ಣು ಮುಚ್ಚಿದ್ದ. ಮುಂಬಾಗಿಲ ಕ್ಯಾಮೆರಾದ ಕೆಳಗೆ ಕಣ್ಣು ಮುಚ್ಚುವುದು ಹೇಗೆ? ಸ್ಟೋರ್‌ಕೀಪರನ ಇನ್ನೊಂದು ಕೈಯಲ್ಲಿ ಒಂದು ಗಾಜಿನ ಜಾಡಿಯಿತ್ತು. ಅದರೊಳಗೆ ಕೆಂಪು ಬಿಳಿ ಪಟ್ಟೆಯ ಒಂದೇ ಒಂದು ಸಿಗಡಿ, ಪಕ್ಕಕ್ಕೆ ಒರಗಿ, ಅಲುಗಾಡದೆ.

ಮ್ಯಾನೇಜರ್ ಕರೆಯುತ್ತಿದ್ದಾರೆ ಎಂಬ ಸುದ್ದಿ ಎರಡೇ ನಿಮಿಷದಲ್ಲಿ ಬಂತು. ಕಳೆದ ಒಂದು ವಾರದಲ್ಲಿ ಮೂರು ಸಲ ಅವನನ್ನು ಹೊರಗಿನಿಂದಲೇ ವಾಪಸು ಕಳಿಸಿದ್ದ ಬಾಗಿಲು ಅದು.

ಮನೆಯಲ್ಲಿ ಹಳೆಯ ಹೊಲಿಗೆ ಮೇಜಿನ ಮೇಲೆ ಅವನದೊಂದು ಗಾಜಿನ ತೊಟ್ಟಿ ಇತ್ತು. ಸಮುದ್ರದ ಜೀವಿಗಳ ತೊಟ್ಟಿ. ಉಪ್ಪು ಪೊಟ್ಟಣದಲ್ಲಿ ಸಿಗುತ್ತದೆ, ಕಷ್ಟವೆಲ್ಲ ನೀರಿನದು. ನಲ್ಲಿ ನೀರು ಆಗದು. ಕುದಿಸಿದರೂ ಆಗದು, ಹಾರಿಹೋಗುವುದು ನೀರು ಮಾತ್ರ, ಬೇಡದ್ದೆಲ್ಲ ತಳದಲ್ಲೇ ಉಳಿಯುತ್ತದೆ. ಬ್ಯಾಟರಿ ಅಂಗಡಿಯ ನೀರಿನ ಮೇಲೆ ನಂಬಿಕೆಯಿರಲಿಲ್ಲ. ಮೀನಿನ ಅಂಗಡಿಯವನ ಶುದ್ಧ ನೀರಿಗೆ ಹಾಲಿನ ಬೆಲೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಾದರೋ, ನೀಲಿ ಬಾಗಿಲಿನ ಹಿಂದೆ, ಊರಿಗೇ ಚೊಕ್ಕವಾದ ನೀರು. ನೀರಿನ ಕಲ್ಮಶ ಅಳೆಯುವ ಪೆನ್ನಿನಂಥ ಮೀಟರನ್ನು ಅದ್ದಿದರೆ ಸೊನ್ನೆ.

ಆ ಸೊನ್ನೆಯನ್ನು ನಂಬಿ ಎಂಟು ತಿಂಗಳು ಕದ್ದ. ಇತ್ತೀಚೆಗೆ ಸಿಗಡಿಗಳು ಸಾಯತೊಡಗಿದವು.

ಮೊದಲು ಹೆಂಡತಿಯ ಫಿನಾಯಿಲ್ ಮೇಲೆ ಗುಮಾನಿಪಟ್ಟ. ಅವಳು ಎರಡು ದಿನ ಮಾತು ಬಿಟ್ಟಳು. ಆಮೇಲೆ ಎರಡು ಜಾಡಿ ಇಟ್ಟ. ಉಪ್ಪು ಅದೇ, ಸಿಗಡಿಯ ಜಾತಿಯೂ ಅದೇ. ಒಂದರಲ್ಲಿ ಅಂಗಡಿಯ ನೀರು, ಇನ್ನೊಂದರಲ್ಲಿ ಆಸ್ಪತ್ರೆಯದು. ಅಂಗಡಿ ನೀರಿನದು ಮೀಸೆ ತಿರುವುತ್ತ ಬದುಕಿತು. ಆಸ್ಪತ್ರೆ ನೀರಿನದು ಬೆಳಗಾಗುವಷ್ಟರಲ್ಲಿ ಮಗುಚಿಕೊಂಡಿತು. ಮತ್ತೊಮ್ಮೆ ಮಾಡಿದ. ಮತ್ತೂ ಒಮ್ಮೆ.

ಆದರೂ ಕ್ಯಾನು ತರುವುದು ನಿಲ್ಲಲಿಲ್ಲ.

“ಆ ನೀರಿಗೆ ಸಾಯ್ತವೆ ಅಂತ ಗೊತ್ತಾಯ್ತಲ್ಲ. ಮತ್ತ್ಯಾಕ್ರೀ ತರ್ತೀರಿ?” ಎಂದು ಹೆಂಡತಿ ಕೇಳಿದಳು.

ಅವನು ತಿರುಗಿ ನೋಡಿದ. ಮೂಲೆಯ ಕುರ್ಚಿಯಲ್ಲಿ ಅವನ ಅಕ್ಕ ಕೂತಿದ್ದಳು, ಅಳೆದುಕೊಟ್ಟ ಅರ್ಧ ಲೋಟ ನೀರನ್ನು ಗುಟುಕು ಗುಟುಕಾಗಿ ಉಳಿಸಿಕೊಳ್ಳುತ್ತ. ವಾರಕ್ಕೆ ಮೂರು ಮಧ್ಯಾಹ್ನ ಅದೇ ಆಸ್ಪತ್ರೆಯಲ್ಲಿ ಅವಳ ಚಿಕಿತ್ಸೆ. ನೌಕರರ ಮನೆಯವರಿಗೆಂದು ಕೊಡುವ ರಿಯಾಯಿತಿಯಲ್ಲೇ ಅದು ನಡೆಯುತ್ತಿತ್ತು. ಅವಳ ಅಂಗೈ ಸುಣ್ಣ ಬಳಿದಂತೆ ಬಿಳಿಚಿಕೊಂಡಿತ್ತು. ಕಾಯಿಲೆಯೇ ಹಾಗೆ ಎಂದಿದ್ದರು ವೈದ್ಯರು.

“ನಾನೂ ಜಾಡಿಯೊಳಗೆ ಕೂತಿದ್ರೆ ನನ್ನನ್ನೂ ಹೀಗೇ ನೋಡ್ತಾ ಕೂರ್ತಿದ್ಯೇನೋ,” ಎಂದು ಅಕ್ಕ ನಕ್ಕಳು. ಅವನು ನಗಲಿಲ್ಲ.

ಇವತ್ತು ಬೆಳಿಗ್ಗೆ ಅವನು, ಇದೊಂದು ದಿನ ಹೋಗಬೇಡ ಎಂದಿದ್ದ. ಒಂದು ಸರದಿ ತಪ್ಪಿದರೆ ಏನಾಗುತ್ತದೆಂದು ಅಕ್ಕನಿಗೆ ಗೊತ್ತಿತ್ತು. ತಲೆ ಕೆಟ್ಟಿದೆಯೇನೋ ನಿಂಗೆ ಎಂದು ಚಪ್ಪಲಿ ಮೆಟ್ಟಿದಳು.

ಮ್ಯಾನೇಜರ್ ಮೇಜಿನ ಮೇಲೆ ಈಗ ಕ್ಯಾನು, ಪಕ್ಕದಲ್ಲಿ ಜಾಡಿ. ನೆಲಮಾಳಿಗೆಯ ಎಂಜಿನಿಯರ್ ಗೋಡೆಗೆ ಒರಗಿ ನಿಂತಿದ್ದ. ಗಡಿಯಾರದಲ್ಲಿ ಎರಡಕ್ಕೆ ಹತ್ತು ನಿಮಿಷ. ಸ್ಟೋರ್‌ಕೀಪರ್ ಮತ್ತೆ ಮತ್ತೆ ಅದನ್ನೇ ನೋಡುತ್ತಿದ್ದ.

“ಕದಿಯೋದೇ ಆದ್ರೆ ಏನಾದ್ರೂ ಘನವಾದದ್ದು ಕದೀಬಾರದೇನಯ್ಯ?” ಎಂದರು ಮ್ಯಾನೇಜರ್. “ಕೆಲಸ ಹೋದ್ರೆ ಅಕ್ಕನ ರಿಯಾಯಿತಿನೂ ಹೋಗುತ್ತೆ. ಯೋಚನೆ ಮಾಡಿದ್ಯಾ?”

ಮಾಡಿದ್ದೇನೆ ಎಂದ. ಜಾಡಿಯನ್ನು ಮುಂದಕ್ಕೆ ತಳ್ಳಿದ. ಈ ನೀರು ಕೊಲ್ಲುತ್ತದೆ ಎಂದ.

ನೀರಿನಲ್ಲಿ ಏನೂ ಇಲ್ಲ, ಮೀಟರು ದಿನಾ ಸೊನ್ನೆ ತೋರಿಸುತ್ತದೆ, ಎಡವಟ್ಟು ಇವನ ತೊಟ್ಟಿಯಲ್ಲೇ ಇರಬೇಕು ಎಂದು ಎಂಜಿನಿಯರ್ ಹೇಳಿದ.

“ಮೀಟರು ಉಪ್ಪು ಹಿಡಿಯುತ್ತೆ, ಕ್ಲೋರಿನ್ ಹಿಡಿಯಲ್ಲ,” ಎಂದ ಸ್ಟೋರ್‌ಕೀಪರ್. “ಅದನ್ನ ತಡೆಯೋದು ಫಿಲ್ಟರಿನ ಇದ್ದಿಲು. ನೀವು ಬದಲಾಯಿಸಬೇಕಿದ್ದ ಇದ್ದಿಲಿನ ಚೀಲಗಳು ಒಂದು ವರ್ಷದಿಂದ ನನ್ನ ಸ್ಟೋರಲ್ಲೇ ಧೂಳು ತಿಂತಿವೆ.”

ಎಂಜಿನಿಯರ್ ಗೋಡೆ ಬಿಟ್ಟು ನೆಟ್ಟಗೆ ನಿಂತ.

ಮ್ಯಾನೇಜರಿಗೆ ಸಾಕಾಯಿತು. ಕ್ಯಾನಿನಿಂದ ಲೋಟಕ್ಕೆ ಬಗ್ಗಿಸಿಕೊಂಡು ಒಂದೇ ಉಸಿರಿಗೆ ಕುಡಿದರು. “ನೋಡು. ಬದುಕಿದ್ದೀನಲ್ಲ. ಕ್ಲೋರಿನ್ ನಲ್ಲಿ ನೀರಲ್ಲೂ ಇರುತ್ತೆ, ಊರೆಲ್ಲ ಕುಡಿಯುತ್ತೆ.”

“ಕುಡಿಯೋರಿಗೆ ಏನೂ ಆಗಲ್ಲ ಸಾರ್. ಸಿಗಡಿ ಇದನ್ನ ಕುಡಿಯಲ್ಲ, ಕಿವಿರಿನಿಂದ ನೇರ ರಕ್ತಕ್ಕೇ ಹೋಗುತ್ತೆ.”

“ಹಾಗಾದ್ರೆ ಅಂಗಡಿ ನೀರು ಹಾಕ್ಕೋ. ಇಲ್ಲಿನ ನೀರು ಇರೋದು ನಿನ್ನ ಸಿಗಡಿಗಲ್ಲ.”

“ಅದನ್ನ ಹೇಳೋಕೇ ಸಿಕ್ಕಿಬಿದ್ದೆ ಸಾರ್.”

ಅವನು ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ.

“ಎರಡು ಗಂಟೆಗೆ ಡಯಾಲಿಸಿಸ್ ವಾರ್ಡಿನ ನಾಲ್ಕನೇ ಹಾಸಿಗೆಯಲ್ಲಿ ಅಕ್ಕನ ರಕ್ತ ತೊಳೆಯೋದು ಇದೇ ನೀರು. ಅವಳೂ ಇದನ್ನ ಕುಡಿಯಲ್ಲ.”