ಟೈರಿನೊಳಗಿನ ನೂಲು

“ಹೆಂಗಸರಿಗೆ ಇಲ್ಲಿ ವೇಲೆ, ಕೆಲಸ ಏನೂ ಇಲ್ಲಮ್ಮಾ, ಓಗು,” ಎಂದು ಶೆಡ್ಡಿನ ಯಜಮಾನ ಪೊನ್ನುಸ್ವಾಮಿ ಮೂರನೇ ಸಲ ಹೇಳಿದ. ಸಣ್ಣಕ್ಕ ಬಾಗಿಲು ಬಿಟ್ಟು ಕದಲಲಿಲ್ಲ. ಸೇಲಂನ ಹೊರಗೆ, ಧರ್ಮಪುರಿ ರಸ್ತೆಯ ಆ ಶೆಡ್ಡಿನಲ್ಲಿ ಸವೆದ ಟೈರುಗಳಿಗೆ ಹೊಸ ರಬ್ಬರು ಕಟ್ಟುತ್ತಿದ್ದರು. ಮೂವತ್ತು ವರ್ಷ ಸೀರೆ ನೇಯ್ದವಳ ಮಗ್ಗ ನಿಂತು ಎಂಟು ತಿಂಗಳಾಗಿತ್ತು. ಕೆಲಸ ಕೇಳದ ಬಾಗಿಲು ಇದೊಂದೇ ಉಳಿದಿತ್ತು.

“ಗುಡಿಸ್ತೀನಿ, ನೀರು ತರ್ತೀನಿ, ಏನಾದ್ರೂ ಸರಿ.”

“ಇದೇನು ನಿಮ್ಮ ಮಗ್ಗದ ಮನೆನಾ? ಇಲ್ಲಿ ನೂಲೂ ಇಲ್ಲ, ಲಾಳಿನೂ ಇಲ್ಲ. ಬರೀ ರಬ್ಬರು!”

ಅಷ್ಟರಲ್ಲಿ ಲಾರಿ ಡ್ರೈವರ್ ಮಾದೇಶ್ ಸವೆದ ಟೈರೊಂದನ್ನು ಉರುಳಿಸಿಕೊಂಡು ಬಂದ. “ಅಣ್ಣಾ, ನಾಳೆಯೊಳಗೆ ಕಟ್ಕೊಡು. ಕಾರಿಮಂಗಲದಿಂದ ಮಾವಿನಕಾಯಿ ಲೋಡು. ತೊಪ್ಪೂರು ಘಾಟಿ ಇಳೀಬೇಕು.”

ಪೊನ್ನುಸ್ವಾಮಿ ಸರಳಿನಿಂದ ಟೈರನ್ನು ಸುತ್ತಲೂ ತಟ್ಟಿ ಕಿವಿಗೊಟ್ಟ. “ಒಡಲು ಗಟ್ಟಿ ಐತೆ. ಹೊಸದರಷ್ಟೇ ಓಡ್ತೈತೆ, ಅರ್ಧ ಕಾಸಿಗೆ.”

ಸುಮ್ಮನೆ ನಿಂತು ಅಭ್ಯಾಸವಿಲ್ಲದ ಸಣ್ಣಕ್ಕ ಟೈರಿನೊಳಗೆ ಕೈ ಹಾಕಿದಳು. ತೆಳು ರಬ್ಬರಿನ ಅಡಿಯಲ್ಲಿ ಸಾಲುಸಾಲು ಎಳೆಗಳು ಬೆರಳಿಗೆ ಸಿಕ್ಕವು. ಅವಳ ಕಣ್ಣು ತಾನಾಗಿ ಮುಚ್ಚಿಕೊಂಡಿತು.

“ನೂಲಿಲ್ಲ ಅಂದ್ಯಲ್ಲಣ್ಣ? ಇದರ ತುಂಬಾ ನೂಲೇ ಐತೆ!” ಸರಿಯುತ್ತಿದ್ದ ಬೆರಳು ಒಂದೆಡೆ ನಿಂತಿತು. “ಇಲ್ಲಿ ಏಳೆಂಟು ಎಳೆ ಕಿತ್ತೋಗೈತೆ.”

ಮಾದೇಶ್ ನಕ್ಕ. “ಅಕ್ಕಾ, ಇದು ಟೈರು, ಸೀರೆ ಅಲ್ಲ!”

“ಎಲ್ಲಾ ಒಂದೇ ಕಣಪ್ಪ. ಅರಿದೋದ ಸೀರೆಗೆ ಗಂಜಿ ಆಕಿದ್ರೆ ನೋಡೋಕೆ ಗಟ್ಟಿ. ಉಟ್ಕೊಂಡು ಬಗ್ಗಿದಾಗ ಗೊತ್ತಾಗ್ತೈತೆ.”

ಪೊನ್ನುಸ್ವಾಮಿ ಗೊಣಗುತ್ತಲೇ ಟೈರಿನ ಬಾಯಿ ಅಗಲಿಸಿ, ಲೈಟು ಹಿಡಿದು, ಅವಳು ಉಗುರು ಊರಿದ್ದ ಕಡೆ ಬಲವಾಗಿ ಒತ್ತಿದ. ಕೂದಲೆಳೆಯಷ್ಟು ಬಿರುಕು ಬಾಯಿಬಿಟ್ಟು, ಹರಿದ ನೂಲಿನ ತುದಿಗಳು ಇಣುಕಿದವು. ಮಾದೇಶನ ನಗು ಘಾಟಿ ಇಳಿದು ಹೋಯಿತು.

“ಅಂಗಾದ್ರೆ ನನ್ನ ಲೋಡು?”

ಸಣ್ಣಕ್ಕ ಆಗಲೇ ಗೋಡೆಗೆ ಒರಗಿಸಿದ್ದ ಗುಜರಿ ಟೈರುಗಳ ಬಳಿ ಕುಕ್ಕರಗಾಲಲ್ಲಿ ಕೂತಿದ್ದಳು. ಒಂದು, ಎರಡು... ಅದೇ ಅಳತೆಯ ಮೂರನೆಯದರಲ್ಲಿ ಕೈಯಾಡಿಸಿ ತಲೆಯೆತ್ತಿದಳು. “ಇದನ್ನ ಯಾಕೆ ಬಿಸಾಕಿದ್ದೀಯಣ್ಣ? ಒಂದೆಳೆನೂ ತಪ್ಪಿಲ್ಲ. ಇದಕ್ಕೇ ಕಟ್ಕೊಡು.”

“ಅದು... ಸದ್ದು ಸರಿಯಾಗಿ ಬರಲಿಲ್ಲ ಅಂತ...” ಪೊನ್ನುಸ್ವಾಮಿ ಕೈಯಲ್ಲಿದ್ದ ಸರಳನ್ನು ಮೆಲ್ಲನೆ ಕೆಳಗಿಟ್ಟ. “ನಾಳೆ ಎಷ್ಟು ಗಂಟೆಗೆ ಬರ್ತೀಯಮ್ಮಾ?”

ಸಣ್ಣಕ್ಕ ಕಣ್ಣು ಮುಚ್ಚಿ, ನಾಲ್ಕನೆಯ ಟೈರಿನೊಳಗೆ ಭುಜದವರೆಗೂ ಕೈ ಮುಳುಗಿಸಿದ್ದಳು.